ಬೆಳಗಿನ ನಡುಕ

ಆ ಕೋಣೆಯೊಳಗೆ ಒಂದು ಗುಂಡುಸೂಜಿಯೂ ಹೋಗುವಂತಿರಲಿಲ್ಲ. ಗೋಡೆ ಕಲ್ಲಿನದು, ಬಾಗಿಲು ಮರದ್ದು, ಕೀಲು ಹಿತ್ತಾಳೆಯದು, ಮೊಳೆ ತಾಮ್ರದ್ದು. ನಡುವೆ ಸೊಂಟದೆತ್ತರದ ಒಂದು ಕಲ್ಲುಕಂಬ. ಅದರ ಮೇಲೊಂದು ಮುಚ್ಚಿದ ಪೆಟ್ಟಿಗೆ. ಭೂಮಿಯ ಕಾಂತಕ್ಷೇತ್ರ ಕೂದಲೆಳೆಯಷ್ಟು ಅಲುಗಿದರೂ ಆ ಪೆಟ್ಟಿಗೆಯೊಳಗಿನ ಉಪಕರಣಕ್ಕೆ ತಿಳಿಯುತ್ತಿತ್ತು. ಹತ್ತಿರ ಯಾರಾದರೂ ಬೀಗದ ಕೈ ಹಿಡಿದು ನಿಂತರೂ ತಿಳಿಯುತ್ತಿತ್ತು. ಬೀಗದ ಕೈ ಯಾವುದು, ಆಕಾಶ ಯಾವುದು ಎಂದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಸಂಶೋಧನಾ ಸಂಸ್ಥೆಯ ದೊಡ್ಡ ಕಟ್ಟಡದಿಂದ ದೂರ, ಖಾಲಿ ಬಯಲಿನ ತುದಿಯಲ್ಲಿ ಆ ಕೋಣೆಯನ್ನು ಒಂಟಿಯಾಗಿ ಕಟ್ಟಿದ್ದರು. ಸುತ್ತ ಮರದ ಬೇಲಿ. ಬೇಲಿಯ ಬಾಗಿಲಲ್ಲಿ ಒಂದು ಹೆಂಗಸು.

ಅವಳನ್ನು ಎಲ್ಲರೂ ಕಬ್ಬಿಣದಕ್ಕ ಎನ್ನುತ್ತಿದ್ದರು. ಒಳಗೆ ಹೋಗುವವರ ಮೈಮೇಲಿನ ಕಬ್ಬಿಣವನ್ನೆಲ್ಲ ಇಳಿಸಿಕೊಳ್ಳುವುದು ಅವಳ ಕೆಲಸ. ಬೀಗದ ಕೈ, ಚಿಲ್ಲರೆ, ಗಡಿಯಾರ, ಬೆಲ್ಟು, ಮೊಳೆ ಬಡಿದ ಬೂಟು, ಕೊನೆಗೆ ಒಳಉಡುಪಿನ ಕೊಕ್ಕೆಯನ್ನೂ ಅವಳು ಬಿಡುತ್ತಿರಲಿಲ್ಲ. ಬಾಗಿಲ ಪಕ್ಕದಲ್ಲಿ ದಾರಕ್ಕೆ ಒಂದು ದಿಕ್ಸೂಚಿ ತೂಗುಹಾಕಿತ್ತು. ಪ್ರತಿಯೊಬ್ಬರೂ ಅದರ ಮುಂದೆ ಮೆಲ್ಲಗೆ ಹಾದುಹೋಗಬೇಕು. ಮುಳ್ಳು ಅಲ್ಲಾಡಿತೋ, ಹಿಂದಕ್ಕೆ. ತಪಾಸಣೆಗೆಂದು ಬಂದ ಅಧಿಕಾರಿಯೊಬ್ಬರು ಬೆಲ್ಟು ಬಿಚ್ಚಿಕೊಟ್ಟು, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ತಪಾಸಣೆ ಮುಗಿಸಿ ಹೋದದ್ದನ್ನು ಸಂಸ್ಥೆ ಬಹಳ ಕಾಲ ನೆನೆದು ನಕ್ಕಿತ್ತು.

"ಅಕ್ಕಾ, ನಾನು ಹಲ್ಲಿಗೆ ತಂತಿ ಕಟ್ಟಿಸ್ಕೊಂಡಿದೀನಿ. ಅದನ್ನೂ ಬಿಚ್ಚಿಡ್ಬೇಕಾ?" ಎಂದು ಯಾರೋ ಕೇಳಿದರೆ,

"ಬೇಡಪ್ಪಾ, ಹಲ್ಲಿನ ಜೊತೆ ನೀನೂ ಹೊರಗೇ ಇರು. ಒಳಗೇನೂ ನಷ್ಟ ಆಗಲ್ಲ" ಎನ್ನುವಳು.

ಅವಳ ಗಂಡ ಬೀಗ ರಿಪೇರಿಯವನು. ರಸ್ತೆಯ ತಿರುವಿನಲ್ಲಿ, ಮೆಟ್ಟಿಲಿನಡಿಯ ಸಂದಿಯೇ ಅವನ ಅಂಗಡಿ. ಅರದ ಪುಡಿ ಅವನ ಉಗುರು, ಹುಬ್ಬು, ಊಟದ ತಟ್ಟೆಯವರೆಗೂ ಬರುತ್ತಿತ್ತು. ಅವಳು ದಿನವೂ ಮೈ ತೊಳೆದು, ಬಟ್ಟೆ ಕೊಡವಿ, ಬೇರೆಯೇ ಗೂಟದಲ್ಲಿಟ್ಟ ಬಟ್ಟೆ ತೊಟ್ಟು ಕೆಲಸಕ್ಕೆ ಹೊರಡುವಳು. "ನಾನು ಕಬ್ಬಿಣ ಮುಟ್ಟಿ ಬದುಕ್ತೀನಿ, ಇವಳು ಮುಟ್ಟದೆ ಬದುಕ್ತಾಳೆ. ನಮ್ಮ ಮದುವೆ ಮಾಡಿಸಿದವರಿಗೆ ಒಳ್ಳೇ ತಮಾಷೆ ಗೊತ್ತಿತ್ತು" ಎಂದು ಅವನು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಮಗಳು ಹುಟ್ಟಿದ ಮೇಲೆ ಆ ಮಾತಿಗೆ ಬಾಲ ಸೇರಿತು: "ಇದೊಂದು ಮಾತ್ರ ಇಬ್ಬರೂ ಮುಟ್ಟೋ ಹಾಗಿರೋದು."

ಮಗಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಗುಬ್ಬಿಗೆ ಆಗಾಗ ಗಂಟಲು ನೋವು, ಜೊತೆಗೆ ಸಣ್ಣ ಜ್ವರ. ಬಂದು ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಒಮ್ಮೆ ಮೊಣಕಾಲು ಊದಿಕೊಂಡಿತು, ಅದೂ ಇಳಿಯಿತು. ಪ್ರತಿ ಸಲವೂ ತಾಯಿ, "ಈ ವಾರ ಆಗಲ್ಲ, ಬರೋ ವಾರ ದೊಡ್ಡಾಸ್ಪತ್ರೆಗೆ ಹೋಗೋಣ" ಎಂದಳು. ದೊಡ್ಡಾಸ್ಪತ್ರೆಯ ಚೀಟಿ ಬೆಳಿಗ್ಗೆ ಮಾತ್ರ ಕೊಡುತ್ತಿದ್ದರು; ವಾರದ ರಜೆಯ ದಿನ ಅಲ್ಲೂ ಚೀಟಿ ಇಲ್ಲ. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆಯಲೇಬೇಕು. ಅವಳು ಸಂಸ್ಥೆಯ ಆಳಲ್ಲ, ಕಂಟ್ರಾಕ್ಟರನ ಆಳು. ಬದಲಿ ಜನ ಕೊಡದೆ ರಜೆ ಇಲ್ಲ ಎಂಬುದು ಕಂಟ್ರಾಕ್ಟರನ ಕಾನೂನು. ಸಂಸ್ಥೆಯನ್ನು ಕೇಳಿದರೆ ಕಂಟ್ರಾಕ್ಟರನನ್ನು ಕೇಳು ಎನ್ನುತ್ತಿತ್ತು, ಕಂಟ್ರಾಕ್ಟರ್ ಸಂಸ್ಥೆಯನ್ನು ಕೇಳು ಎನ್ನುತ್ತಿದ್ದ. ಬಡವರ ರಜೆ ಎಂದರೆ ಹಾಗೆಯೇ. ಅದು ಇಬ್ಬರ ನಡುವೆ ಎಲ್ಲೋ ಇರುತ್ತದೆ, ಯಾರ ಕೈಯಲ್ಲೂ ಇರುವುದಿಲ್ಲ.

ಕೊನೆಗೆ ಹುಡುಗಿಗೆ ಮೆಟ್ಟಿಲು ಹತ್ತಲಾಗದೆ ಉಸಿರು ಕಟ್ಟಿದಾಗ ಅಪ್ಪ ಹೆಗಲ ಮೇಲೆ ಹೊತ್ತು ಓಡಿದ, ಹಿಂದೆಯೇ ತಾಯಿ ಓಡಿದಳು. ಡಾಕ್ಟರು ಎದೆಗೆ ಕಿವಿಗೊಟ್ಟು ತುಂಬ ಹೊತ್ತು ಕೇಳಿದರು.

"ಗಂಟಲುನೋವು ಅಂತ ಬಿಟ್ರಲ್ಲಮ್ಮ. ಅದೇ ಬಂದು ಬಂದು ಹೃದಯದ ಕವಾಟಾನ ತಿಂದುಬಿಟ್ಟಿದೆ."

ಆ ಚಳಿಗಾಲ ಮುಗಿಯುವ ಮೊದಲೇ ಗುಬ್ಬಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮರುದಿನವೇ ಕಂಟ್ರಾಕ್ಟರ್ ಮನೆ ಬಾಗಿಲಿಗೆ ಬಂದು, ಚಪ್ಪಲಿ ಬಿಡದೆ ನಿಂತು, "ದುಃಖ ನಮಗೂ ಇದೆ ತಾಯಿ. ಆದ್ರೆ ಒಳಗಿನ ಮಣಿ ಯಾರು ಬದಲಾಯಿಸ್ತಾರೆ?" ಎಂದ.

ಅವಳು ಎದ್ದಳು. ಮೈ ತೊಳೆದಳು. ಗೂಟದ ಬಟ್ಟೆ ತೊಟ್ಟಳು. ತುರುಬು ಕಟ್ಟುವಾಗ ಕಿಟಕಿಯ ಹಲಗೆಯ ಮೇಲೆ ಮಗಳ ಕ್ಲಿಪ್ಪು ಕಂಡಿತು. ಒತ್ತಿದರೆ ಟಕ್ಕೆಂದು ಮುಚ್ಚಿಕೊಳ್ಳುವ ಸ್ಟೀಲಿನ ಕ್ಲಿಪ್ಪು; ಹಳದಿ ಬಣ್ಣ ಅರ್ಧ ಕಿತ್ತುಹೋಗಿತ್ತು. ಅದರ ಮಡಿಕೆಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು, ಉದ್ದದ್ದು, ತುದಿಯಲ್ಲಿ ಸ್ವಲ್ಪ ಕೆಂಚಗೆ. ಮಗಳ ಬಟ್ಟೆಯನ್ನೆಲ್ಲ ನೆಂಟರು ಸುಟ್ಟಿದ್ದರು. ಬಾಚಣಿಗೆಯನ್ನೂ ಯಾರೋ ಎಸೆದಿದ್ದರು. ಅವಳು ಕ್ಲಿಪ್ಪನ್ನು ತನ್ನ ತುರುಬಿನೊಳಗೆ, ಯಾರಿಗೂ ಕಾಣದಂತೆ ಸಿಕ್ಕಿಸಿಕೊಂಡು ಹೊರಟಳು. ಆ ಬೆಳಿಗ್ಗೆ ಅವಳಿಗೆ ಕಬ್ಬಿಣದ ನೆನಪೇ ಇರಲಿಲ್ಲ. ಉಸಿರಾಡುವ ನೆನಪಿದ್ದದ್ದೇ ಹೆಚ್ಚು.

ಒಳಗಿನ ಮಣಿ ಎಂದರೆ ತೇವ ಹೀರುವ ನೀಲಿ ಮಣಿ. ಉಪಕರಣದ ಪೆಟ್ಟಿಗೆಗೆ ಒತ್ತಿಕೊಂಡಂತೆ ಒಂದು ಬಟ್ಟಲಿನಲ್ಲಿ ಇಟ್ಟಿರುತ್ತಾರೆ. ರಾತ್ರಿಯ ಥಂಡಿ ಕುಡಿದು ಬೆಳಗಾಗುವಷ್ಟರಲ್ಲಿ ಗುಲಾಬಿಯಾಗುತ್ತವೆ. ಅವನ್ನು ತೆಗೆದು ಹೊಸದು ತುಂಬಬೇಕು, ಕಂಬದ ಬೆವರನ್ನು ಹತ್ತಿಬಟ್ಟೆಯಿಂದ ಒರೆಸಬೇಕು. ಆ ಹೊತ್ತಿನಲ್ಲಿ ಒರೆಸುವವಳ ತಲೆ ಪೆಟ್ಟಿಗೆಯ ಪಕ್ಕದಲ್ಲೇ ಹಿಂದೆ ಮುಂದೆ ಆಡುತ್ತಿರುತ್ತದೆ.

ಹೊರಗೆ ಬಂದಾಗಲೇ ಕೈ ತುರುಬಿಗೆ ಹೋದದ್ದು. ಬೆರಳಿಗೆ ಕ್ಲಿಪ್ಪು ತಾಗಿತು. ಆದರೆ ಯಾರೂ ಓಡಿಬರಲಿಲ್ಲ, ಯಾರೂ ಕೇಳಲಿಲ್ಲ. ಎಲ್ಲರನ್ನೂ ದಿಕ್ಸೂಚಿಯ ಮುಂದೆ ಹಾಯಿಸುವವಳನ್ನು ಹಾಯಿಸುವವರು ಯಾರೂ ಇರಲಿಲ್ಲ. ನಾಳೆ ಬಿಚ್ಚಿಟ್ಟು ಬಂದರಾಯಿತು ಎಂದುಕೊಂಡಳು. ಮರುದಿನ ಬೆಳಿಗ್ಗೆ ಬಿಚ್ಚಲು ಹೋದರೆ ಮಡಿಕೆಯ ಕೂದಲು ಜಾರುವಂತೆ ಕಂಡಿತು. ಬೇಲಿ ಬಾಗಿಲ ಪೆಟ್ಟಿಗೆಯಲ್ಲಿ, ಯಾರ‍್ಯಾರದೋ ಬೀಗದ ಕೈಗಳ ಜೊತೆ ಅದನ್ನು ಹೇಗೆ ಹಾಕುವುದು? ಬಿಚ್ಚಲಿಲ್ಲ. ಒಂದು ಚೂರು ತಗಡು, ಇದರಿಂದ ಭೂಮಿಗೇನು ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ತಾನೇ ಸಾವಿರ ಸಲ ಬೇರೆಯವರ ಬಾಯಿಂದ ಕೇಳಿ ಬೈದು ಕಳಿಸಿದ ಮಾತು ಅದು.

ಸಂಸ್ಥೆಯಲ್ಲಿ ಸಂಶೋಧನೆಗೆಂದು ಬಂದ ಹುಡುಗಿಯೊಬ್ಬಳಿದ್ದಳು. ಕಣ್ಣಡಿ ಕಪ್ಪು, ಕೈಯಲ್ಲಿ ಸದಾ ಪೆನ್ನಿನ ಕಲೆ. ಮಧ್ಯಾಹ್ನ ದೊಡ್ಡ ಕಟ್ಟಡದ ಗಲಾಟೆ ತಡೆಯಲಾರದೆ ಚಹಾ ಹಿಡಿದು ಬೇಲಿ ಬಾಗಿಲ ಕಲ್ಲುಮೆಟ್ಟಿಲಿಗೆ ಬರುತ್ತಿದ್ದಳು. ಕಬ್ಬಿಣದಕ್ಕನ ಮಗಳು ಸತ್ತದ್ದು ಇಡೀ ಸಂಸ್ಥೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಯಾಕೆಂದರೆ ಕೇಳಿದವಳು ಅವಳೊಬ್ಬಳೇ.

"ನೀನು ದಿನಾ ಏನಮ್ಮಾ ಓದೋದು?" ಎಂದು ಒಂದು ದಿನ ಕಬ್ಬಿಣದಕ್ಕ ಕೇಳಿದಳು.

ಹುಡುಗಿ ಬೇಲಿಗೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗವನ್ನು ತೋರಿಸಿದಳು. "ಆ ಹಗ್ಗ ನೋಡು ಅಕ್ಕ. ಭೂಮಿಯ ಈ ತುದಿಯಿಂದ ಆ ತುದಿಗೆ ಅಂಥ ಹಗ್ಗಗಳು ಆಕಾಶದಲ್ಲಿ ಬಾಗಿ ನಿಂತಿವೆ ಅಂದ್ಕೋ. ಕಣ್ಣಿಗೆ ಕಾಣಲ್ಲ. ಒಳಗೆ ಕಾಂತ ಇರೋ ಗ್ರಹ ಯಾವುದಾದ್ರೂ ಅಷ್ಟೇ, ಗುರುವಿಗೂ ಇದೆ, ಶನಿಗೂ ಇದೆ. ವಿದ್ಯುತ್ ಅಂಟಿಕೊಂಡ ಪುಟ್ಟ ಪುಟ್ಟ ಕಣಗಳು ಆ ಹಗ್ಗಕ್ಕೆ ಬಳ್ಳಿ ಸುತ್ತಿದ ಹಾಗೆ ಸುತ್ತು ಹಾಕ್ತಾ ಓಡ್ತವೆ. ತುದಿಗೆ ಹೋದ್ರೆ ಹಗ್ಗಗಳೆಲ್ಲ ಒತ್ತಾಗಿ ದಾರಿ ಬಿಗಿಯಾಗತ್ತೆ, ಹಿಂದಕ್ಕೆ ತಿರುಗ್ತವೆ. ಆ ಕಡೆ ತುದಿ ಮುಟ್ಟಿ ಮತ್ತೆ ಹಿಂದಕ್ಕೆ. ಹೀಗೇ ವರ್ಷಗಟ್ಟಲೆ."

"ನನ್ನ ಹಾಗೇ. ಮನೆ, ಬೇಲಿ. ಬೇಲಿ, ಮನೆ."

ಹುಡುಗಿ ನಕ್ಕಳು. "ಹೂಂ. ಬೀಳೋದೇ ಇಲ್ಲ. ಆದ್ರೆ ಹಗ್ಗ ನಡುಗಿದ್ರೆ?"

"ದೊಡ್ಡ ಗಾಳಿ ಬಂದ್ರೆ ಬೀಳ್ತವೇನೋ."

"ದೊಡ್ಡ ಗಾಳಿನೇ ಬೇಕು ಅಂತಿಲ್ಲ, ಅದೇ ವಿಷಯ. ಉಯ್ಯಾಲೆ ನೋಡು. ಒಂದೇ ಸಲ ಜೋರಾಗಿ ತಳ್ಳಿದ್ರೆ ಆಡಿ ನಿಂತುಹೋಗತ್ತೆ. ಸಣ್ಣ ಕೈ, ಸರಿಯಾದ ಹೊತ್ತಿಗೆ, ಮತ್ತೆ ಮತ್ತೆ ತಳ್ತಾ ಇದ್ರೆ? ಕೂತವರು ಒಂದಲ್ಲ ಒಂದು ಸಲ ಬೀಳ್ಲೇಬೇಕು. ಕಣ ಸುತ್ತೋ ತಾಳ, ಹಗ್ಗ ನಡುಗೋ ತಾಳ ಒಂದೇ ಆಗ್ಬಿಟ್ರೆ ಕಣದ ಓಟ ಓರೆಯಾಗ್ತಾ ಹೋಗತ್ತೆ. ತಿರುಗಬೇಕಾದ ಕಡೆ ತಿರುಗಲ್ಲ. ಕೆಳಗಿನ ಗಾಳಿಗೆ ಬಿದ್ದು ಹೋಗತ್ತೆ."

ಕಬ್ಬಿಣದಕ್ಕ ಹಗ್ಗವನ್ನೇ ನೋಡುತ್ತ ಕುಳಿತಳು. ಗಂಟಲು ನೋವು. ಸಣ್ಣ ಜ್ವರ. ಬರೋ ವಾರ ಹೋಗೋಣ. ಮತ್ತೆ ಗಂಟಲು ನೋವು.

"ಬಿದ್ದ ಮೇಲೆ ಏನಾಗತ್ತೆ?" ಎಂದಳು.

"ಗಾಳಿಗೆ ತಾಗಿ ಒಂದು ಚೂರು ಬೆಳಕಾಗತ್ತೆ. ಆಮೇಲೆ ಇಲ್ಲ."

"ಬೆಳಕಾಗತ್ತಾ?"

"ಒಂದೇ ಒಂದು ಚೂರು ಅಕ್ಕ."

ಅವಳು ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದಳು.

ಮಳೆಗಾಲ ಕಳೆದ ಮೇಲೆ ಹುಡುಗಿ ಒಂದು ದಿನ ಬಯಲಿನಲ್ಲಿ ಓಡುತ್ತ ಬಂದಳು. ಉಪಕರಣದ ದಾಖಲೆಯಲ್ಲಿ ದಿನವೂ ಬೆಳಿಗ್ಗೆ ಒಂದು ಪುಟ್ಟ ನಡುಕ ಕಾಣುತ್ತಿದೆಯಂತೆ. ಸೂರ್ಯ ಮೂಡುವ ಕಡೆಯ ಆಕಾಶದಲ್ಲಿ ಇಂಥ ಕಲಕಾಟ ಹೆಚ್ಚು ಎಂಬುದು ಮೊದಲೇ ಗೊತ್ತಂತೆ. ಆದರೆ ನೆಲದ ಮೇಲೆ ಇಷ್ಟು ಸ್ಪಷ್ಟವಾಗಿ ಯಾರಿಗೂ ಸಿಕ್ಕಿರಲಿಲ್ಲವಂತೆ. "ಬೆಳಗಿನ ನಡುಕ ಅಂತ ಹೆಸರಿಟ್ಟಿದೀನಿ. ದೊಡ್ಡ ಸಾಹೇಬ್ರಿಗೂ ಇಷ್ಟ ಆಯ್ತು" ಎಂದಳು.

ಕಬ್ಬಿಣದಕ್ಕ ನಕ್ಕು, ಆಮೇಲೆ ಕೇಳಿದಳು: "ಯಾವಾಗಿಂದ ಬರ್ತಿದೆ ಅದು?"

"ಹೋದ ಚಳಿಗಾಲದಿಂದ. ಅದಕ್ಕೆ ಮುಂಚೆ ಇಲ್ವೇ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳ ಕೈ ತುರುಬಿನವರೆಗೆ ಹೋಗಿ, ಸುಮ್ಮನೆ ಕೆರೆದುಕೊಂಡಂತೆ ಮಾಡಿ, ಕೆಳಗಿಳಿಯಿತು.

ಮರುದಿನ ಅವಳು ಕ್ಲಿಪ್ಪನ್ನು ಕೂದಲು ಜಾರದಂತೆ ಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಇಟ್ಟು ಬಂದಳು. ತಲೆ ಹಗುರವಾಗಿ, ಯಾರದೋ ತಲೆ ಹೊತ್ತುಕೊಂಡಂತಿತ್ತು. ಆ ದಿನ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಬಂದಳು; ಮುಖ ಬಾಡಿ ಸೊಪ್ಪಾಗಿತ್ತು.

"ನಿಂತೋಯ್ತು ಅಕ್ಕ. ನನ್ನ ನಡುಕ."

"ಊಟ ಮಾಡಿದ್ಯಾ?"

"ಯಾಕೋ ಸೇರ್ತಿಲ್ಲ. ಸಾಹೇಬ್ರು ಹೊರಗಿನವರನ್ನೆಲ್ಲ ಕರೆಸಿದಾರೆ, ಸಭೆ ಇದೆ. ಏನು ತೋರಿಸ್ಲಿ? ಇಷ್ಟು ದಿನ ಇತ್ತು, ಈಗ ಇಲ್ಲ ಅಂತ್ಲಾ?" ಮೆಟ್ಟಿಲ ಮೇಲೆ ಕುಳಿತು ಮಂಡಿಗೆ ಹಣೆ ಆನಿಸಿದಳು. "ಸತ್ತವರ ಹಾಗೆ ಹೋಗ್ಬಿಡ್ತು. ಒಂದು ಮಾತೂ ಹೇಳದೆ."

ಆ ಮಾತಿನ ಬದಲು ಹುಡುಗಿ ಬೇರೆ ಯಾವ ಮಾತು ಆಡಿದ್ದರೂ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತು. ಕಬ್ಬಿಣದಕ್ಕ ಅಲ್ಲೇ ಎಲ್ಲವನ್ನೂ ಹೇಳಿಬಿಡಬೇಕಿತ್ತು. ಬಾಯಿ ತೆರೆದಳು ಕೂಡ. ಆದರೆ ಅವಳ ಕಣ್ಣಿಗೆ ಕಂಡದ್ದು ಹಿಂದಲೆ; ಊಟ ಬಿಟ್ಟು, ಮಂಡಿಗೆ ಹಣೆ ಕೊಟ್ಟು ಕುಳಿತ ಹೆಣ್ಣುಮಗಳ ಹಿಂದಲೆ. ಒಂದು ಹುಡುಗಿಗೆ ಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಕೊಡಲಾಗದೆ ಹೋದವಳಿಗೆ, ಇನ್ನೊಂದು ಹುಡುಗಿಗೆ ಬೇಕಾದದ್ದು ತನ್ನ ಮನೆಯ ಕಿಟಕಿ ಹಲಗೆಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದೆ ಎಂದು ಗೊತ್ತಿತ್ತು.

"ಬರತ್ತೆ ಹೋಗಮ್ಮ. ಮೊದಲು ಊಟ ಮಾಡು" ಎಂದಳು.

ಬೆಳಿಗ್ಗೆ ನಡುಕ ಬಂತು. ಹುಡುಗಿ ಬಯಲು ದಾಟಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ಅವಳ ಗದ್ದ ಕಬ್ಬಿಣದಕ್ಕನ ತುರುಬಿನ ಮೇಲೆ, ಸರಿಯಾಗಿ ಆ ಜಾಗದ ಮೇಲೆ ಒತ್ತಿತು.

ಹುಡುಗಿ ದಡ್ಡಿಯೇನಲ್ಲ. ವಾರದ ರಜೆಯ ದಿನ ನಡುಕ ಬರುವುದಿಲ್ಲ ಎಂಬುದು ಅವಳ ಕಣ್ಣಿಗೂ ಬಿದ್ದಿತ್ತು. ದೊಡ್ಡ ಸಾಹೇಬರ ಮುಂದೆ ಇಟ್ಟಿದ್ದಳು ಕೂಡ. ಅವರು, "ಆ ದಿನಗಳನ್ನ ಬಿಟ್ಹಾಕು, ಸರಾಸರಿ ಕೆಡಿಸ್ತವೆ. ಆಕಾಶ ಒಂದೊಂದು ದಿನ ಸುಮ್ನಿರತ್ತೆ" ಎಂದಿದ್ದರು. ಸಾಹೇಬರಿಗೆ ಹೊಸ ಕಟ್ಟಡ ಬೇಕಿತ್ತು, ಹೊಸ ಕಟ್ಟಡಕ್ಕೆ ಹೊಸ ಹೆಸರು ಬೇಕಿತ್ತು, ಹೆಸರಿಗೆ ಈ ನಡುಕ ಬೇಕಿತ್ತು. ಬೇಕು ಎನ್ನುವವನ ಕಣ್ಣಿಗೆ ಕಾಣದ್ದು ಯಾವುದಿದೆ? ಬೇಡ ಎನ್ನುವವನ ಕಣ್ಣಿಗೆ ಬಿದ್ದದ್ದಾದರೂ ಯಾವುದಿದೆ?

ಸಭೆಯ ದಿನ ಕಬ್ಬಿಣದಕ್ಕನನ್ನು ನೀರು ಕೊಡಲು ಒಳಗೆ ಕರೆದಿದ್ದರು. ಹುಡುಗಿ ಗೋಡೆಯ ಮೇಲಿನ ಗೆರೆಗಳನ್ನು ತೋರಿಸಿ ಚೆನ್ನಾಗಿಯೇ ಮಾತಾಡಿದಳು. ಚಪ್ಪಾಳೆ ಬಿತ್ತು. ಆಗ ದೂರದ ವೀಕ್ಷಣಾಲಯದಿಂದ ಬಂದಿದ್ದ ಒಬ್ಬ ಮುದುಕಿ, ಅದೇ ಕೆಲಸದಲ್ಲಿ ತಲೆ ನರೆದವರು, ಕೈ ಎತ್ತಿದರು.

"ಒಂದು ಸಣ್ಣ ಸಂಶಯ ಮಗೂ. ಇಲ್ಲಿ ಬಿಟ್ಟಿರೋ ದಿನಗಳನ್ನೆಲ್ಲ ಲೆಕ್ಕ ಹಾಕಿದೆ. ನಡುವಿನ ಒಂದು ವಾರ ಬಿಟ್ರೆ ಎಲ್ಲಾ ವಾರದ ರಜೆಯ ದಿನಗಳೇ. ನಿಮ್ಮ ಆಕಾಶಕ್ಕೆ ಕ್ಯಾಲೆಂಡರ್ ನೋಡೋಕೆ ಬರತ್ತಾ?"

ಸಭೆ ಗೊಳ್ಳೆಂದು ನಕ್ಕಿತು. ಹುಡುಗಿ ತನ್ನ ಕಾಗದಗಳನ್ನು ತಿರುವಿದಳು. ದೊಡ್ಡ ಸಾಹೇಬರು ಎದ್ದರು.

"ಕೋಣೆಯೊಳಗೆ ಕಬ್ಬಿಣ ಹೋಗಿರಬಹುದು ಅನ್ನೋದು ನಿಮ್ಮ ಅನುಮಾನ ತಾನೆ? ಸಾಧ್ಯವೇ ಇಲ್ಲ. ನನ್ನ ಬೆಲ್ಟೇ ಬಿಚ್ಚಿಸ್ತಾಳೆ ನಮ್ಮ ಕಬ್ಬಿಣದಕ್ಕ. ಅಗೋ, ಅಲ್ಲೇ ನಿಂತಿದಾಳೆ, ಕೇಳಿ."

ಎಲ್ಲರೂ ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಆ ಜನ ಅವಳನ್ನು ಮುಖವೆತ್ತಿ ನೋಡಿದ್ದು ಅದೇ ಮೊದಲು.

ಕಬ್ಬಿಣದಕ್ಕ ನೀರಿನ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ತುರುಬು ಬಿಚ್ಚಿದಳು. ಬೆರಳುಗಳನ್ನು ಒಳಗೆ ತೂರಿಸಿ, ಅವಸರ ಮಾಡದೆ, ಕೂದಲು ಜಾರದಂತೆ ಕ್ಲಿಪ್ಪನ್ನು ತೆಗೆದು ಅಂಗೈಯಲ್ಲಿ ಹಿಡಿದಳು.

"ಆಕಾಶದ್ದಲ್ಲ" ಎಂದಳು. "ನನ್ನದು."

ಹುಡುಗಿ ಅವಳ ಹತ್ತಿರ ಬಂದಳು. "ನಡುವೆ ನಿಂತುಹೋಗಿತ್ತಲ್ಲ ಅಕ್ಕ. ಗೊತ್ತಾಗಿ ನೀನೇ ತೆಗೆದಿದ್ದೆ. ಮತ್ತೆ ಯಾಕೆ ಹಾಕ್ಕೊಂಡೆ?"

"ನೀನು ಊಟ ಬಿಟ್ಟಿದ್ದೆ."

ಹುಡುಗಿ ತನ್ನ ಕಾಗದಗಳನ್ನೂ ತೆಗೆದುಕೊಳ್ಳದೆ ಹೊರಗೆ ಹೋದಳು.

ಆಮೇಲೆ ನಡೆದದ್ದು ಎಲ್ಲ ಕಡೆ ನಡೆಯುವಂಥದ್ದೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದರು ದೊಡ್ಡ ಸಾಹೇಬರು. ಮೋಸ ಎಂಬ ಮಾತು ಬಂತು, ಸಂಚು ಎಂಬ ಮಾತೂ ಬಂತು. ಸಾಹೇಬರ ಕಾರು ಬಿಸಿಲಿಗೆ ಅಂಜಿ ಬೇಲಿಯ ಪಕ್ಕದ ನೆರಳಲ್ಲಿ ನಿಂತಾಗಲೆಲ್ಲ ಉಪಕರಣದ ಗೆರೆ ಗುಪ್ಪೆಂದು ಏರುತ್ತಿತ್ತು. ಅದನ್ನು ಯಾರೂ ಮೋಸ ಎಂದಿರಲಿಲ್ಲ. ಅದಕ್ಕೆ ತಿದ್ದುಪಡಿ ಎಂಬ ಹೆಸರಿತ್ತು, ಲೆಕ್ಕದಲ್ಲಿ ಕಳೆದುಬಿಡುತ್ತಿದ್ದರು. ಒಂದು ಟನ್ನು ಕಬ್ಬಿಣಕ್ಕೆ ತಿದ್ದುಪಡಿ, ಒಂದು ಚೂರು ತಗಡಿಗೆ ವಿಚಾರಣೆ. ಮಗಳನ್ನು ಮಣ್ಣು ಮಾಡಿದ ಮರುದಿನ ಅವಳನ್ನು ಕೆಲಸಕ್ಕೆ ಎಳೆದು ತಂದದ್ದು ಯಾರು ಎಂಬ ಪ್ರಶ್ನೆ ಆ ವಿಚಾರಣೆಯಲ್ಲಿ ಬರಲೇ ಇಲ್ಲ. ಕಂಟ್ರಾಕ್ಟರ್ ಮಾತ್ರ ಸಾಕ್ಷಿಯಾಗಿ ಬಂದು, ಇವಳು ಮೊದಲಿಂದಲೂ ಹೀಗೇ ಎಂದು ಹೇಳಿ, ಚಹಾ ಕುಡಿದು ಹೋದ.

ಕೆಲಸ ಹೋಯಿತು. ಅದಕ್ಕೆ ಅವಳು ಅಳಲಿಲ್ಲ. ಕ್ಲಿಪ್ಪನ್ನು ಸಾಕ್ಷ್ಯ ಎಂದು ಒಂದು ಕಪಾಟಿನಲ್ಲಿ ಬೀಗ ಹಾಕಿ ಇಟ್ಟುಕೊಂಡರು. ಅದನ್ನು ಕೇಳಲು ಅವಳೂ ಗಂಡನೂ ಅಲೆದದ್ದಕ್ಕೆ ಲೆಕ್ಕವಿಲ್ಲ. ಹೊಸ ಕಾವಲುಗಾರ ಗೇಟಿನಲ್ಲೇ ತಡೆಯುತ್ತಿದ್ದ.

"ಕೆಲಸ ನೀವೇ ಇಟ್ಕೊಳ್ಳಿ ಸ್ವಾಮಿ, ಕ್ಲಿಪ್ಪು ಕೊಡಿ" ಎಂದು ಬೀಗದವನು ಕೈ ಮುಗಿದ.

"ಅಂಥದ್ದು ಪೇಟೇಲಿ ರಾಶಿ ಸಿಗ್ತವಲ್ಲ ಮಾರಾಯ. ಒಂದು ಡಜನ್ ತಗೊಂಡು ಹೋಗು" ಎಂದ ಕಾವಲುಗಾರ.

ಊರಿನ ಎಲ್ಲ ಬೀಗ ತೆಗೆಯುವವನು ಆ ಒಂದು ಕಪಾಟಿನ ಮುಂದೆ ಸೋತ. "ಅಪ್ಪಣೆ ಕೊಟ್ರೆ ಕಣ್ಣು ಮುಚ್ಚಿ ತೆಗೀತೀನಿ ಕಣೇ" ಎಂದು ದಾರಿಯಲ್ಲಿ ಹೆಂಡತಿಗೆ ಹೇಳಿದ. ಇಬ್ಬರೂ ಸ್ವಲ್ಪ ನಕ್ಕರು.

ಮುಂದಿನ ಬೇಸಿಗೆಯಲ್ಲಿ ಹುಡುಗಿ ಅಂಗಡಿ ಹುಡುಕಿಕೊಂಡು ಬಂದಳು. ಕಬ್ಬಿಣದಕ್ಕ ಈಗ ಗಂಡನ ಪಕ್ಕದಲ್ಲಿ ಕೂತು ಬೀಗದ ಕೈಗಳಿಗೆ ಅರ ಹಾಕುತ್ತಿದ್ದಳು. ಅವಳ ಹುಬ್ಬಿನ ಮೇಲೂ ಪುಡಿ ಕೂತಿತ್ತು. ಹುಡುಗಿ ನಿಂತೇ ಇದ್ದಳು.

"ಎಲ್ಲಾ ಮೊದಲಿಂದ ಶುರು ಮಾಡಿದೀನಿ ಅಕ್ಕ. ನಿಜವಾದ ನಡುಕಗಳು ಇವೆ. ಹೊತ್ತು ಗೊತ್ತು ನೋಡಿ ಬರೋದಿಲ್ಲ, ಅಷ್ಟೇ." ಹೆಗಲ ಚೀಲ ಇಳಿಸಿ, "ನಿನ್ನ ಮೇಲೆ ತುಂಬಾ ದಿನ ಕೋಪ ಇತ್ತು" ಎಂದಳು.

"ಇರ್ಲೇಬೇಕು."

"ಈಗ್ಲೂ ಸ್ವಲ್ಪ ಇದೆ."

"ಇರ್ಲಿ ಬಿಡು. ಕೂತ್ಕೋ."

ಹುಡುಗಿ ಕೂರಲಿಲ್ಲ. ಚೀಲದಿಂದ ಒಂದು ಪುಟ್ಟ ಲಕೋಟೆ ತೆಗೆದಳು. "ಸಾಹೇಬ್ರ ಹತ್ರ ಜಗಳ ಮಾಡಿ ತಂದೆ. ಎಷ್ಟು ದೂರದಿಂದ ಎಷ್ಟು ನಡುಗಿಸತ್ತೆ ಅಂತ ಅಳತೆ ಮಾಡೋದಿತ್ತು. ಅದಕ್ಕೇ ತಡ ಆಯ್ತು."

ಕಬ್ಬಿಣದಕ್ಕ ಕೈಯನ್ನು ಮಡಿಲಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಲಕೋಟೆಯನ್ನು ಅಂಗೈಗೆ ಬಗ್ಗಿಸಿದಳು. ಕ್ಲಿಪ್ಪು ಬಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಳಿದಿದ್ದ ಹಳದಿ ಬಣ್ಣದ ಅಂಚು ಕೂಡ ಫಳಫಳ ಎನ್ನುತ್ತಿತ್ತು.

ಅವಳು ಅದನ್ನು ತಿರುಗಿಸಿದಳು. ಮಡಿಕೆಯನ್ನು ಬೆಳಕಿಗೆ ಹಿಡಿದಳು. ಒತ್ತಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಲಕೋಟೆಯೊಳಗೆ ಬೆರಳು ಹಾಕಿ ಮೂಲೆ ಮೂಲೆ ತಡಕಿದಳು. ಬೀಗದವನು ಅರವನ್ನು ಕೆಳಗಿಟ್ಟ.

"ಏನು ಹುಡುಕ್ತಿದೀಯ ಅಕ್ಕ?" ಎಂದು ಹುಡುಗಿ ಕೇಳಿದಳು. "ತೂಕ ಸರಿಯಾಗಿ ಬರ್ಲಿ ಅಂತ ಸ್ಪಿರಿಟ್ ಹಾಕಿ ನಾನೇ ತೊಳೆದೆ. ತುಂಬಾ ಗಲೀಜಾಗಿತ್ತು. ಏನಾದ್ರೂ ಮುರಿದಿದ್ಯಾ?"

ಕಬ್ಬಿಣದಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. ಕಣ್ಣಡಿಯ ಕಪ್ಪು ಹಾಗೇ ಇತ್ತು. ಮೊದಲಿಗಿಂತ ಇಳಿದುಹೋಗಿದ್ದಳು.

"ಏನೂ ಮುರಿದಿಲ್ಲಮ್ಮ" ಎಂದಳು. "ಚೆನ್ನಾಗಿ ತೊಳೆದಿದೀಯ. ಊಟ ಆಯ್ತಾ ನಿಂದು?"